ಪೊಲೀಸ್ ಕೆಲಸಕ್ಕೆ ಸುಳ್ಳು ಪತ್ತೆ ಪರೀಕ್ಷೆ: ಗಾಬರಿ ಸ್ವಭಾವದ ಮಗನಿಗೆ ಏನು ಹೇಳಲಿ?

ಹೊಂಗೆನೆರಳು:

ನಾವು ಅಮೆರಿಕದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮಗ ಇಲ್ಲಿಯೇ ಹುಟ್ಟಿ ಬೆಳೆದವನು. ಕಾಲೇಜು ಮುಗಿಸಿ ನಗರದ ಪೊಲೀಸ್ ಇಲಾಖೆಗೆ ಅರ್ಜಿ ಹಾಕಿದ್ದಾನೆ. ಬಂಧುಗಳ ಮಕ್ಕಳೆಲ್ಲ ಸಾಫ್ಟ್‌ವೇರ್, ವೈದ್ಯಕೀಯ ಎಂದು ಹೋಗುತ್ತಿರುವಾಗ ಇವನು ಪೊಲೀಸನೇ ಆಗುತ್ತೇನೆ ಎಂದು ಪಟ್ಟು ಹಿಡಿದ. ನಮಗೆ ಮೊದಲು ಹಿಡಿಸಲಿಲ್ಲ, ಈಗ ಅವನ ಬೆನ್ನಿಗೆ ನಿಂತಿದ್ದೇವೆ. ಲಿಖಿತ ಪರೀಕ್ಷೆ, ದೈಹಿಕ ಸಾಮರ್ಥ್ಯ ಪರೀಕ್ಷೆ, ಮೂವರು ಅಧಿಕಾರಿಗಳ ಮುಂದೆ ಸಂದರ್ಶನ, ಎಲ್ಲವೂ ಮುಗಿದವು. ಇನ್ನು ಉಳಿದಿರುವುದು ಪಾಲಿಗ್ರಾಫ್, ಅಂದರೆ ಯಂತ್ರದಿಂದ ಮಾಡುವ ಸುಳ್ಳು ಪತ್ತೆ ಪರೀಕ್ಷೆ.

ಅದಕ್ಕೂ ಮುಂಚೆ ತುಂಬಿ ಕೊಡಬೇಕೆಂದು ಒಂದು ದಪ್ಪ ಪ್ರಶ್ನಾವಳಿ ಕಳಿಸಿದ್ದಾರೆ. ಮಾದಕ ವಸ್ತು ಸೇವಿಸಿದ್ದೀರಾ, ಕೆಲಸ ಮಾಡಿದ ಕಡೆ ಏನನ್ನಾದರೂ ಕದ್ದಿದ್ದೀರಾ, ಕುಡಿದು ಗಾಡಿ ಓಡಿಸಿದ್ದೀರಾ, ಯಾರ ಮೇಲಾದರೂ ಕೈ ಮಾಡಿದ್ದೀರಾ, ಸಾಲ ಎಷ್ಟಿದೆ, ಎಲ್ಲವನ್ನೂ ಕೇಳಿದ್ದಾರೆ. ಮಗ ಊಟದ ಮೇಜಿನ ಮುಂದೆ ಕುಳಿತು ನನ್ನೆದುರೇ ಹೇಳಿದ: ಕಾಲೇಜಿನ ಮೊದಲ ವರ್ಷ ಗೆಳೆಯರ ಜೊತೆ ಗಾಂಜಾ ಸೇದಿದ್ದು ಉಂಟಂತೆ. ಓದುವಾಗ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದವನು ಅಲ್ಲಿನ ಪೆನ್ನು, ಟೇಪು, ಅವಧಿ ಮುಗಿದು ಬಿಸಾಡಬೇಕಿದ್ದ ಬಿಸ್ಕತ್ತಿನ ಪೊಟ್ಟಣಗಳನ್ನು ಮನೆಗೆ ತಂದಿದ್ದನಂತೆ. ಇವನ್ನು ಬರೆಯಬೇಕೇ? ಬರೆದರೆ ಕೆಲಸ ಹೋಗುತ್ತದೆಯೇ?

ನನ್ನ ದೊಡ್ಡ ಚಿಂತೆ ಬೇರೆ. ಅವನು ಹುಟ್ಟಾ ಗಾಬರಿ ಸ್ವಭಾವದವನು. ಚಿಕ್ಕಂದಿನಲ್ಲಿ ಶಾಲೆಯ ವೇದಿಕೆ ಹತ್ತುವ ಮುನ್ನ ಅಂಗೈ ತೊಯ್ದು ಹೋಗುತ್ತಿತ್ತು. ಯಂತ್ರ ಅಳೆಯುವುದೇ ಬೆವರನ್ನೂ ಎದೆಬಡಿತವನ್ನೂ ಎನ್ನುತ್ತಾರೆ. ನಿಜವನ್ನೇ ಹೇಳಿದರೂ ಸುಳ್ಳುಗಾರ ಎಂಬ ಹಣೆಪಟ್ಟಿ ಹೊತ್ತು ಬಂದರೆ ಏನು ಗತಿ? ಈ ಪರೀಕ್ಷೆ ತೆಗೆದುಕೊಂಡವರು, ಅದರ ಒಳಹೊರಗು ಬಲ್ಲವರು ದಯವಿಟ್ಟು ತಿಳಿಸಿ.

ಕಡಲತೆರೆ:

ಅಕ್ಕ, ನಾನು ಬೇರೊಂದು ರಾಜ್ಯದಲ್ಲಿ ಗಸ್ತು ಪೊಲೀಸ್ ಅಧಿಕಾರಿ. ಈ ಪರೀಕ್ಷೆ ದಾಟಿಯೇ ಕೆಲಸಕ್ಕೆ ಸೇರಿದವನು. ಅಲ್ಲಿ ಏನು ನಡೆಯುತ್ತದೆ ಎನ್ನುವುದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ, ಅದಕ್ಕಾಗಿ ವಿವರವಾಗಿ ಬರೆಯುತ್ತೇನೆ.

ಕೊಠಡಿ ಚಿಕ್ಕದು, ಗೋಡೆಗಳ ಮೇಲೆ ಏನೂ ಇರುವುದಿಲ್ಲ. ಹೋದ ಕೂಡಲೇ ಯಂತ್ರಕ್ಕೆ ಕಟ್ಟುವುದಿಲ್ಲ. ಮೊದಲು ಪರೀಕ್ಷಕರು ಎದುರು ಕುಳಿತು ಮಾತನಾಡುತ್ತಾರೆ. ಆ ಮಾತುಕತೆ ಯಂತ್ರದ ಪರೀಕ್ಷೆಗಿಂತ ಎಷ್ಟೋ ದೀರ್ಘ. ನೀವು ತುಂಬಿದ ಪ್ರಶ್ನಾವಳಿಯ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾ, ಇದು ಯಾವಾಗ, ಎಷ್ಟು ಬಾರಿ, ಯಾರ ಜೊತೆ, ಇನ್ನೇನಾದರೂ ಇದೆಯೇ ಎಂದು ಕೇಳುತ್ತಾರೆ. ಆಮೇಲೆ ಯಂತ್ರದಲ್ಲಿ ಕೇಳಲಿರುವ ಪ್ರತಿಯೊಂದು ಪ್ರಶ್ನೆಯನ್ನೂ ಮುಂಚಿತವಾಗಿ ಓದಿ ಹೇಳುತ್ತಾರೆ. ಇದನ್ನು ಮಗನಿಗೆ ಒತ್ತಿ ಹೇಳಿ: ಅಲ್ಲಿ ದಿಢೀರನೆ ಬಂದೆರಗುವ ಪ್ರಶ್ನೆ ಇರುವುದಿಲ್ಲ.

ನಂತರ ಕುರ್ಚಿ. ಎದೆಗೊಂದು, ಹೊಟ್ಟೆಗೊಂದು ಸುರುಳಿ ಸುರುಳಿಯಾದ ರಬ್ಬರ್ ಕೊಳವೆ ಸುತ್ತುತ್ತಾರೆ, ಉಸಿರಾಟ ಅಳೆಯಲು. ತೋಳಿಗೆ ರಕ್ತದೊತ್ತಡದ ಪಟ್ಟಿ. ಎರಡು ಬೆರಳುಗಳಿಗೆ ಲೋಹದ ತುಂಡುಗಳು, ಚರ್ಮದ ಬೆವರಿನ ಬದಲಾವಣೆ ಹಿಡಿಯಲು. ಕೂರುವ ಜಾಗದಲ್ಲಿ ಒಂದು ತೆಳುವಾದ ಮೆತ್ತೆ. ಕಾಲ್ಬೆರಳು ಮಡಿಸಿದರೂ, ತೊಡೆ ಬಿಗಿ ಹಿಡಿದರೂ ಅದು ತೋರಿಸುತ್ತದೆ. ತೋಳಿನ ಪಟ್ಟಿಗೆ ಗಾಳಿ ತುಂಬಿ ಹಾಗೆಯೇ ಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಕೈ ಜೋಮು ಹಿಡಿದು ಬೆರಳ ತುದಿಗಳು ಕೆಂಪಾಗುತ್ತವೆ. ನಿಜ ಹೇಳಬೇಕೆಂದರೆ ಪರೀಕ್ಷೆಯುದ್ದಕ್ಕೂ ನನ್ನನ್ನು ಕಾಡಿದ್ದು ಪ್ರಶ್ನೆಗಳಿಗಿಂತ ಆ ತೋಳು.

ಗೋಡೆಯ ಕಡೆ ನೋಡುತ್ತಾ, ಅಲುಗಾಡದೆ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕು. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ಇಪ್ಪತ್ತೈದು ಸೆಕೆಂಡುಗಳ ಮೌನ. ಅದು ಅಷ್ಟು ಉದ್ದವಿರುತ್ತದೆ ಎಂದು ಕುಳಿತವರಿಗೇ ಗೊತ್ತು. ಅದೇ ಪ್ರಶ್ನೆಗಳನ್ನು ಅದಲುಬದಲು ಮಾಡಿ ಕನಿಷ್ಠ ಮೂರು ಸುತ್ತು ಕೇಳುತ್ತಾರೆ. ಮತ್ತೆ ಮತ್ತೆ ಕೇಳಿದರೆಂದು ಅನುಮಾನಿಸುತ್ತಿದ್ದಾರೆ ಎಂದುಕೊಳ್ಳಬಾರದು, ಕ್ರಮವೇ ಹಾಗೆ.

ಗಾಂಜಾ, ಪೆನ್ನು, ಬಿಸ್ಕತ್ತು ಎಲ್ಲವನ್ನೂ ಬರೆಯಲಿ. ಒಂದನ್ನೂ ಬಿಡಬಾರದು. ಕೆಲಸ ಕಳೆದುಕೊಳ್ಳುವವರು ಬಹುಪಾಲು ಹಳೆಯ ತಪ್ಪಿನಿಂದ ಕಳೆದುಕೊಳ್ಳುವುದಿಲ್ಲ. ಅರ್ಜಿಯಲ್ಲಿ ಒಂದು, ಪ್ರಶ್ನಾವಳಿಯಲ್ಲಿ ಇನ್ನೊಂದು, ಪರೀಕ್ಷಕರ ಮುಂದೆ ಮತ್ತೊಂದು ಹೇಳಿ ಕಳೆದುಕೊಳ್ಳುತ್ತಾರೆ. ಗಾಂಜಾ ವಿಷಯದಲ್ಲಿ ಎಷ್ಟು ಕಾಲದ ಹಿಂದೆ ಎನ್ನುವುದಕ್ಕೆ ಒಂದೊಂದು ಇಲಾಖೆ ಒಂದೊಂದು ಮಿತಿ ಇಟ್ಟಿರುತ್ತದೆ. ನೇಮಕಾತಿ ಪ್ರಕಟಣೆಯಲ್ಲೇ ಅದು ಇರುತ್ತದೆ, ಓದಿಕೊಳ್ಳಲಿ.

ಮುಂಗಾರು:

ಮೇಲಿನವರು ಕೊಠಡಿಯ ಚಿತ್ರವನ್ನು ಚೆನ್ನಾಗಿ ಕೊಟ್ಟಿದ್ದಾರೆ. ನಾನು ಮನೋವಿಜ್ಞಾನ ಕಲಿಸುವವಳು. ಯಂತ್ರದ ವಿಷಯದಲ್ಲಿ ಕೆಲವು ಮಾತುಗಳನ್ನು ಹೇಳಲೇಬೇಕು, ಏಕೆಂದರೆ ಇದಕ್ಕೆ ಸಿಕ್ಕಿರುವ ಗೌರವ ಇದರ ಯೋಗ್ಯತೆಗಿಂತ ಬಹಳ ಹೆಚ್ಚು.

ಸುಳ್ಳಿಗೆಂದೇ ಮೀಸಲಾದ ದೇಹಲಕ್ಷಣ ಯಾವುದೂ ಇಲ್ಲ. ಸುಳ್ಳು ಹೇಳಿದಾಗ ಎದೆ ಹೊಡೆದುಕೊಳ್ಳುವುದು ನಿಜ. ಭಯಕ್ಕೂ, ಕೋಪಕ್ಕೂ, ಅವಮಾನಕ್ಕೂ, ಎಲ್ಲಿ ನನ್ನನ್ನು ನಂಬುವುದಿಲ್ಲವೋ ಎಂಬ ಆತಂಕಕ್ಕೂ ಅದು ಹಾಗೆಯೇ ಹೊಡೆದುಕೊಳ್ಳುತ್ತದೆ. ಥರ್ಮಾಮೀಟರು ಜ್ವರವಿದೆ ಎನ್ನುತ್ತದೆ, ಯಾವ ರೋಗದಿಂದ ಎಂದು ಹೇಳುವುದಿಲ್ಲ, ಇದೂ ಅಷ್ಟೇ.

ಇದು ಗೊತ್ತಿರುವುದರಿಂದಲೇ ಪರೀಕ್ಷಕರು ಹೋಲಿಕೆ ಪ್ರಶ್ನೆಗಳನ್ನು ಇಡುತ್ತಾರೆ. "ಕೆಲಸದ ಜಾಗದಲ್ಲಿ ಹಣ ಕದ್ದಿದ್ದೀರಾ" ಎನ್ನುವುದು ಮುಖ್ಯ ಪ್ರಶ್ನೆ. "ನಿಮ್ಮನ್ನು ನಂಬಿದವರಿಗೆ ಎಂದಾದರೂ ಸುಳ್ಳು ಹೇಳಿದ್ದೀರಾ" ಎನ್ನುವುದು ಹೋಲಿಕೆ ಪ್ರಶ್ನೆ. ಎರಡನೆಯದಕ್ಕೆ ಇಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲವರು ಯಾರೂ ಇಲ್ಲ. ಕದಿಯದವನಿಗೆ ಈ ಪ್ರಶ್ನೆಯೇ ಹೆಚ್ಚು ಕಾಡುತ್ತದೆ, ಕದ್ದವನಿಗೆ ಮುಖ್ಯ ಪ್ರಶ್ನೆ ಕಾಡುತ್ತದೆ ಎನ್ನುವುದು ಅವರ ಲೆಕ್ಕ. ಯಾವುದಕ್ಕೆ ಯಂತ್ರ ಬಿಡಿಸುವ ರೇಖೆ ಹೆಚ್ಚು ಏರಿತು ಎಂದು ನೋಡಿ ಅಂಕ ಹಾಕುತ್ತಾರೆ.

ಈ ಲೆಕ್ಕದ ಹುಳುಕನ್ನು ಮಿನೆಸೋಟ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇವಿಡ್ ಲಿಕನ್ ದಶಕಗಳ ಕಾಲ ಎತ್ತಿ ತೋರಿಸಿದರು. ತನ್ನ ಇಡೀ ಭವಿಷ್ಯ ಮುಖ್ಯ ಪ್ರಶ್ನೆಯ ಮೇಲೆ ನಿಂತಿದೆ ಎಂದು ಬಲ್ಲ ನಿರಪರಾಧಿ ಅದಕ್ಕೇ ಹೆಚ್ಚು ಹೆದರುವುದಿಲ್ಲವೇ? ಇನ್ನು, ಹೋಲಿಕೆ ಪ್ರಶ್ನೆಗೆ ಸಂಬಂಧಿಸಿದ ಸಣ್ಣಪುಟ್ಟದ್ದನ್ನೆಲ್ಲ ಮೊದಲೇ ಒಪ್ಪಿಕೊಂಡು ಹಗುರಾದ ಪ್ರಾಮಾಣಿಕನಿಗೆ ಅಲ್ಲಿ ಕಾಡಲು ಏನು ಉಳಿಯುತ್ತದೆ? ಹೊಂಗೆನೆರಳು ಅವರ ಮಗನಂಥವರಿಗೆ ಅಪಾಯ ಇರುವುದೇ ಇಲ್ಲಿ.

1959ರಲ್ಲಿ ಲಿಕನ್ ಬೇರೊಂದು ವಿಧಾನ ಮುಂದಿಟ್ಟರು. ಅಪರಾಧಿಗೆ ಮಾತ್ರ ಗೊತ್ತಿರಬಹುದಾದ ವಿವರವನ್ನು ಇತರ ನಾಲ್ಕಾರು ವಿವರಗಳ ನಡುವೆ ಸೇರಿಸಿ ಕೇಳುವುದು. ಕೊಲೆಗೆ ಬಳಸಿದ್ದು ಹಗ್ಗವೋ, ಚಾಕುವೋ, ದಿಂಬೋ ಎನ್ನುವ ಹಾಗೆ. ವಿಷಯ ಗೊತ್ತಿಲ್ಲದವನಿಗೆ ಎಲ್ಲವೂ ಒಂದೇ. ಇದರ ತರ್ಕ ಗಟ್ಟಿ, ಜಪಾನಿನ ಪೊಲೀಸರು ಇದನ್ನು ವ್ಯಾಪಕವಾಗಿ ಬಳಸುತ್ತಾರೆ. ಆದರೆ ಕೆಲಸಕ್ಕೆ ಬಂದ ಅಭ್ಯರ್ಥಿಯ ಮೇಲೆ ಇದನ್ನು ಬಳಸುವ ಹಾಗಿಲ್ಲ. ಏಕೆಂದರೆ ಅಲ್ಲಿ ಅಪರಾಧವೇ ನಡೆದಿಲ್ಲ. ಇಡೀ ಬದುಕಿನಲ್ಲಿ ಏನಾದರೂ ಸಿಕ್ಕೀತೇ ಎಂದು ಬಲೆ ಬೀಸುವುದು ಮಾತ್ರ ಇದೆ.

ಒಂದು ಲೆಕ್ಕ ಕೇಳಿ. ಅಣ್ವಸ್ತ್ರ ಪ್ರಯೋಗಾಲಯಗಳನ್ನು ನೋಡಿಕೊಳ್ಳುವ ಅಮೆರಿಕದ ಇಂಧನ ಇಲಾಖೆಯ ಕೋರಿಕೆಯ ಮೇಲೆ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ವಿಷಯವನ್ನು ಪರಿಶೀಲಿಸಿ 2003ರಲ್ಲಿ ವರದಿ ಪ್ರಕಟಿಸಿತು. 10,000 ನೌಕರರಲ್ಲಿ 10 ಮಂದಿ ಗೂಢಚಾರರು ಇದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ, ಯಂತ್ರದ ನಿಖರತೆಯನ್ನು ಉದಾರವಾಗಿ ಊಹಿಸಿಕೊಂಡರೂ, ಸುಮಾರು 1,600 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ನಿರಪರಾಧಿಗಳನ್ನು ಉಳಿಸಲು ಸಡಿಲ ಮಾಡಿದರೆ 10ರಲ್ಲಿ 8 ಗೂಢಚಾರರು ಪಾರಾಗುತ್ತಾರೆ. ನಿರ್ದಿಷ್ಟ ಘಟನೆಯೊಂದರ ತನಿಖೆಯಲ್ಲಿ ಯಂತ್ರ ಕುರುಡು ಊಹೆಗಿಂತ ಬಹಳ ಮೇಲು, ಪರಿಪೂರ್ಣತೆಗಿಂತ ಬಹಳ ಕೆಳಗೆ ಎಂದು ಆ ವರದಿ ಹೇಳಿತು. ನೌಕರರನ್ನು ಜರಡಿ ಹಿಡಿಯುವ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳುವಷ್ಟು ನಿಖರತೆ ಇಲ್ಲ ಎಂದೂ ಹೇಳಿತು.

ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಮಾರುತ್ತಿದ್ದ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಈ ಕುರ್ಚಿಯಲ್ಲಿ ಕುಳಿತು ತೇರ್ಗಡೆಯಾಗಿದ್ದ. ಅವನ ಬಂಧನವಾದದ್ದು 1994ರಲ್ಲಿ. ಅವನು ಪಾರಾದ ಕುರ್ಚಿಯಲ್ಲಿ ಪೆನ್ನು ತಂದ ಹುಡುಗ ನಡುಗಬೇಕಾಗಿದೆ. ಇದು ನನ್ನನ್ನು ಕೆರಳಿಸುತ್ತದೆ.

ನೇಗಿಲಗೆರೆ:

ನಾನು ಬೆಂಗಳೂರಿನಲ್ಲಿ ವಕೀಲ. ನಮ್ಮಲ್ಲಿ ಕಾನ್‌ಸ್ಟೆಬಲ್ ಆಗಲಿ ಪಿಎಸ್‌ಐ ಆಗಲಿ, ನೇಮಕಾತಿಯಲ್ಲಿ ಪಾಲಿಗ್ರಾಫ್ ಇಲ್ಲ. ಲಿಖಿತ ಪರೀಕ್ಷೆ, ದೇಹದಾರ್ಢ್ಯತೆ, ವೈದ್ಯಕೀಯ ತಪಾಸಣೆ, ನಡತೆಯ ಬಗ್ಗೆ ಠಾಣೆಯಿಂದ ವರದಿ, ಇಷ್ಟೇ. ನಮಗೆ ಪಾಲಿಗ್ರಾಫ್ ಕೇಳಿಬರುವುದು ದೊಡ್ಡ ಪ್ರಕರಣಗಳ ಆರೋಪಿಗಳ ವಿಷಯದಲ್ಲಿ, ಮಂಪರು ಪರೀಕ್ಷೆಯ ಜೊತೆಜೊತೆಗೆ.

ಅಲ್ಲಿಯೂ ಕಾನೂನು ಬೇಲಿ ಹಾಕಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಂಪರು ಪರೀಕ್ಷೆ, ಪಾಲಿಗ್ರಾಫ್, ಮೆದುಳಿನ ತರಂಗಗಳನ್ನು ಅಳೆಯುವ ಬ್ರೈನ್ ಮ್ಯಾಪಿಂಗ್ ಮೂರನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಕೂಡದು ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ, ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ, ಎರಡನ್ನೂ ಆಧಾರವಾಗಿ ಹಿಡಿಯಿತು. ಆರೋಪಿ ಒಪ್ಪಿದರೂ ಪಾಲಿಗ್ರಾಫ್ ವಿಷಯದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ ಕೊಟ್ಟ ಮಾರ್ಗಸೂಚಿ ಪಾಲಿಸಬೇಕು: ವಕೀಲರ ನೆರವು ಸಿಗಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ.

ಕೊಲೆ ಆರೋಪಿಗೆ ಇಷ್ಟು ರಕ್ಷಣೆ ಇರುವಾಗ, ಸೇವೆ ಮಾಡುತ್ತೇನೆ ಎಂದು ಬಂದ ಯುವಕನಿಗೆ ಅಲ್ಲಿ ಏನು ರಕ್ಷಣೆ ಇದೆ ಎಂದು ತಿಳಿಯುವ ಆಸೆ ನನಗೆ.

ಬಿಳಿಮುಗಿಲು:

ನೇಗಿಲಗೆರೆಯವರೇ, ನಾನು ಅಮೆರಿಕದಲ್ಲಿ ಉದ್ಯೋಗ ಕಾನೂನಿನ ಕೆಲಸ ಮಾಡುತ್ತೇನೆ. ರಕ್ಷಣೆ ಕಡಿಮೆ. 1988ರ ನೌಕರರ ಪಾಲಿಗ್ರಾಫ್ ಸಂರಕ್ಷಣಾ ಕಾಯ್ದೆ ಹೆಚ್ಚಿನ ಖಾಸಗಿ ಸಂಸ್ಥೆಗಳು ಅಭ್ಯರ್ಥಿಗಳ ಮೇಲೆ ಈ ಪರೀಕ್ಷೆ ನಡೆಸುವುದನ್ನು ನಿಷೇಧಿಸಿತು. ಆದರೆ ಸರ್ಕಾರಗಳನ್ನು, ಕೇಂದ್ರದಿಂದ ಹಿಡಿದು ನಗರಸಭೆಯವರೆಗೆ, ಆ ಕಾಯ್ದೆಯಿಂದ ಹೊರಗಿಟ್ಟರು. ಅಂಗಡಿಯ ಮಾಲೀಕ ಮಾಡಬಾರದ್ದನ್ನು ಪೊಲೀಸ್ ಇಲಾಖೆ ಮಾಡಬಹುದು. ರಾಜ್ಯಗಳ ಕಾನೂನು ಬೇರೆ ಬೇರೆ ಇರುವುದರಿಂದ ಎಲ್ಲ ಊರುಗಳ ಇಲಾಖೆಗಳೂ ಇದನ್ನು ನಡೆಸುವುದಿಲ್ಲ.

ನ್ಯಾಯಾಲಯಗಳು ಯಂತ್ರವನ್ನು ನಂಬಿದ್ದು ಕಡಿಮೆ. 1923ರಲ್ಲೇ ಫ್ರೈ ಪ್ರಕರಣದಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಇದರ ಹಿಂದಿನ ರೂಪವನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಒಪ್ಪಲಿಲ್ಲ. 1998ರ ಷೆಫರ್ ಪ್ರಕರಣದಲ್ಲಿ, ಇದರ ವಿಶ್ವಾಸಾರ್ಹತೆಯ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಗುರುತಿಸಿತು. ಹೀಗಿದ್ದೂ ನೇಮಕಾತಿಯಲ್ಲಿ ಇದು ನಿರಾತಂಕವಾಗಿ ನಡೆಯುತ್ತಿದೆ.

ಹೊಂಗೆನೆರಳು ಅವರಿಗೆ ಉಪಯೋಗವಾಗುವ ಒಂದು ಅಂಶ ಇದೆ. 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಷರತ್ತುಬದ್ಧ ನೇಮಕಾತಿ ಪತ್ರ (ಉಳಿದ ತಪಾಸಣೆಗಳಲ್ಲಿ ತೇರ್ಗಡೆಯಾದರೆ ಕೆಲಸ ಎನ್ನುವ ಪತ್ರ) ಕೊಡುವ ಮುನ್ನ ಕಾಯಿಲೆ, ಔಷಧಿಗಳ ಬಗ್ಗೆ ಕೇಳುವ ಹಾಗಿಲ್ಲ. ಆತಂಕಕ್ಕೆ ಮಗ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಪರೀಕ್ಷೆ ಆ ಪತ್ರಕ್ಕೆ ಮೊದಲೋ ನಂತರವೋ ಎಂದು ನೋಡಿಕೊಳ್ಳಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದಾಗಲಿ, ಪರೀಕ್ಷೆಗೆಂದೇ ಹೊಸದಾಗಿ ನುಂಗುವುದಾಗಲಿ ಬೇಡ.

ಗುಡ್ಡದಾಚೆ:

ನಾನು ಅನುತ್ತೀರ್ಣನಾದವನು. ಸಂಸ್ಥೆಯ ಹೆಸರು ಬೇಡ.

ನಾನು ಯಾವ ಮಾದಕ ವಸ್ತುವನ್ನೂ ಮುಟ್ಟಿದವನಲ್ಲ. ಮನೆಯಲ್ಲಿ ಮದ್ಯವೂ ಇಲ್ಲ. ಮೂರು ಸುತ್ತು ಮುಗಿದ ಮೇಲೆ ಪರೀಕ್ಷಕರು ತಮ್ಮ ಕುರ್ಚಿಯನ್ನು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಮಾದಕ ವಸ್ತುವಿನ ಪ್ರಶ್ನೆಗೆ ತೊಂದರೆ ಕಾಣಿಸುತ್ತಿದೆ, ಮನಸ್ಸಿನಲ್ಲಿರುವುದನ್ನು ಹೇಳಿಬಿಡಿ, ಸಹಾಯ ಮಾಡುತ್ತೇನೆ ಎಂದರು. ಏನೂ ಇಲ್ಲ ಎಂದೆ. ಮತ್ತೆ ಕೇಳಿದರು. ಸೇದುವವರ ಪಕ್ಕದಲ್ಲಿ ನಿಂತಿದ್ದಿರಬಹುದೇ? ಮಾರುವವರ ಪರಿಚಯವಿರಬಹುದೇ? ಹೇಳಲು ಏನೂ ಇಲ್ಲದವನಿಂದ ಏನನ್ನೋ ಹೊರತೆಗೆಯಲು ಅಷ್ಟು ಹೊತ್ತು ಕೂರಿಸಿದರು. ಕೊನೆಗೆ ಹೊರಬಂದಾಗ ನನ್ನ ಮೇಲೆ ನನಗೇ ಅನುಮಾನ ಬರುವ ಹಾಗಾಗಿತ್ತು. ಕೆಲವು ವಾರಗಳ ನಂತರ ಎರಡು ಸಾಲಿನ ಪತ್ರ ಬಂತು.

ಅಲ್ಲಿಗೆ ಮುಗಿಯಲಿಲ್ಲ. ಬೇರೆ ಇಲಾಖೆಗೆ ಅರ್ಜಿ ಹಾಕಿದಾಗ ಈ ಹಿಂದೆ ಪಾಲಿಗ್ರಾಫ್ ತೆಗೆದುಕೊಂಡಿದ್ದೀರಾ, ಫಲಿತಾಂಶ ಏನು ಎನ್ನುವ ಪ್ರಶ್ನೆ ಇತ್ತು. ನಿಜ ಬರೆದೆ. ಮುಂದಿನ ಹಂತಕ್ಕೆ ಕರೆಯಲೇ ಇಲ್ಲ.

ನಾನೊಬ್ಬನೇ ಅಲ್ಲ. 2010ರ ಕಾನೂನಿನಂತೆ ಅಮೆರಿಕದ ಗಡಿ ಮತ್ತು ಸುಂಕ ರಕ್ಷಣಾ ಸಂಸ್ಥೆಯ ಕಾನೂನು ಪಾಲನಾ ಹುದ್ದೆಗಳಿಗೆ ಬರುವ ಅಭ್ಯರ್ಥಿಗಳೆಲ್ಲರಿಗೂ ಪಾಲಿಗ್ರಾಫ್ ಕಡ್ಡಾಯವಾಯಿತು. ಅಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಭ್ಯರ್ಥಿಗಳು ಅನುತ್ತೀರ್ಣರಾಗುತ್ತಿದ್ದಾರೆ ಎಂದು 2017ರಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತ್ತು. ಅಷ್ಟೂ ಜನ ಸುಳ್ಳುಗಾರರೇ?

ಕಡಲತೆರೆ:

ಗುಡ್ಡದಾಚೆಯವರೇ, ನಿಮಗಾದದ್ದು ಅನ್ಯಾಯ. ಅದನ್ನು ಸಮರ್ಥಿಸಲು ನನ್ನ ಬಾಯಿ ಬರುವುದಿಲ್ಲ. ಆದರೂ ಇಲಾಖೆಯ ಒಳಗಿನಿಂದ ಕಾಣುವುದನ್ನು ಹೇಳಬೇಕು.

ನಾನು ಕೆಲಕಾಲ ಅಭ್ಯರ್ಥಿಗಳ ಹಿನ್ನೆಲೆ ತನಿಖೆಯ ವಿಭಾಗದಲ್ಲಿದ್ದೆ. ಅರ್ಜಿಯಲ್ಲಿ ಚೊಕ್ಕವಾಗಿದ್ದವರು, ಸಂದರ್ಶನದಲ್ಲಿ ಹೊಳೆದವರು, ಪಾಲಿಗ್ರಾಫಿಗೆ ಮುಂಚಿನ ಮಾತುಕತೆಯಲ್ಲಿ ಬಾಯಿಬಿಟ್ಟ ಸಂಗತಿಗಳನ್ನು ಕಡತದಲ್ಲಿ ಓದಿದ್ದೇನೆ. ಹೆಂಡತಿಯನ್ನು ಹೊಡೆದವರು, ಮಕ್ಕಳ ಮೇಲೆ ಕೈ ಹಾಕಿದವರು, ಕುಡಿದು ಗಾಡಿ ಗುದ್ದಿ ಓಡಿ ಹೋದವರು. ಇವು ಯಾವ ಪೊಲೀಸ್ ದಾಖಲೆಯಲ್ಲೂ ಇರಲಿಲ್ಲ, ನೆರೆಹೊರೆಯವರಿಗೂ ಗೊತ್ತಿರಲಿಲ್ಲ. ಅಂಥವನ ಸೊಂಟಕ್ಕೆ ಬಂದೂಕು ಕಟ್ಟಿ, ರಾತ್ರಿ ಹೊತ್ತು ಒಬ್ಬಂಟಿ ಹೆಂಗಸಿನ ಮನೆಯ ದೂರು ವಿಚಾರಿಸಲು ಕಳಿಸಬೇಕೇ? ಆ ಮಾತುಕತೆ ತಡೆದದ್ದು ಅದನ್ನು.

ಮುಂಗಾರು:

ಆ ಕಡತಗಳ ವಿಷಯದಲ್ಲಿ ನಿಮ್ಮನ್ನು ಪೂರ್ತಿ ನಂಬುತ್ತೇನೆ. ಆದರೆ ನೀವೇ ಹೇಳಿದ್ದನ್ನು ಗಮನಿಸಿ. ಬಾಯಿಬಿಟ್ಟದ್ದು ಮಾತುಕತೆಯಲ್ಲಿ, ಯಂತ್ರ ಜೋಡಿಸುವ ಮುನ್ನ. ಯಂತ್ರ ಎಲ್ಲವನ್ನೂ ಕಂಡುಹಿಡಿಯುತ್ತದೆ ಎಂದು ಅವರು ನಂಬಿದ್ದರಿಂದ ಹೇಳಿದರು. ಆ ನಂಬಿಕೆಯಿಂದ ತಪ್ಪೊಪ್ಪಿಗೆ ಸಿಗುತ್ತದೆ ಎನ್ನುವುದು ನಿಜವಾದ ಪ್ರಯೋಜನ, ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಒಂದೇ. ಯಾವ ತಪ್ಪೊಪ್ಪಿಗೆಯೂ ಇಲ್ಲದೆ, ಹಿನ್ನೆಲೆ ತನಿಖೆಯಲ್ಲೂ ಏನೂ ಸಿಗದೆ, ಬರೀ ರೇಖೆ ಏರಿತೆಂದು ಒಬ್ಬನನ್ನು ಹೊರಹಾಕುವುದು. ಗುಡ್ಡದಾಚೆಯವರಿಗೆ ಆದದ್ದು ಅದೇ. ರೇಖೆ ಏರಿದರೆ ಆ ವಿಷಯವನ್ನು ಇನ್ನಷ್ಟು ವಿಚಾರಿಸಿ, ಹಳೆಯ ಮಾಲೀಕರನ್ನು ಕೇಳಿ, ಗೆಳೆಯರನ್ನು ಕೇಳಿ. ತೀರ್ಪನ್ನು ರೇಖೆಯ ಕೈಗೆ ಕೊಡಬೇಡಿ.

ಕಡಲತೆರೆ:

ಇದನ್ನು ಒಪ್ಪುತ್ತೇನೆ. ಯಂತ್ರದ ಫಲಿತಾಂಶವೊಂದರಿಂದಲೇ ಯಾರನ್ನೂ ಕೈಬಿಡಬಾರದು ಎಂದು ನಿಯಮವಿಟ್ಟಿರುವ ಇಲಾಖೆಗಳು ಇವೆ. ನಮ್ಮದೂ ಒಂದು. ಎಲ್ಲ ಕಡೆ ಹಾಗಿಲ್ಲ ಎನ್ನುವುದೇ ತೊಂದರೆ.

ಹೊಸಚಿಗುರು:

ಇಷ್ಟೆಲ್ಲ ಚರ್ಚೆ ಏಕೆ? ಯಂತ್ರವನ್ನು ಮಣಿಸುವ ವಿದ್ಯೆಯನ್ನು ಅಂತರ್ಜಾಲದಲ್ಲಿ ಎಷ್ಟೋ ಜನ ಹೇಳಿಕೊಡುತ್ತಾರೆ. ಹೋಲಿಕೆ ಪ್ರಶ್ನೆ ಬಂದಾಗ ನಾಲಿಗೆ ಕಚ್ಚುವುದು, ಮನಸ್ಸಿನಲ್ಲಿ ಕಷ್ಟದ ಲೆಕ್ಕ ಮಾಡುವುದು, ಉಸಿರನ್ನು ಎಣಿಸಿ ಬಿಡುವುದು. ಯಂತ್ರವೇ ಅಷ್ಟು ದುರ್ಬಲವಾದರೆ ಅದರಿಂದ ತಪ್ಪಿಸಿಕೊಳ್ಳುವುದರಲ್ಲಿ ತಪ್ಪೇನು?

ಕಡಲತೆರೆ:

ಅಕ್ಕ, ದಯವಿಟ್ಟು ಈ ದಾರಿಗೆ ಮಗನನ್ನು ಬಿಡಬೇಡಿ. ಉಸಿರನ್ನು ಎಣಿಸಿ ಬಿಡುವವನ ರೇಖೆ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ಸಹಜವಾಗಿ ಉಸಿರಾಡುವವನ ರೇಖೆ ಅಷ್ಟು ಒಪ್ಪವಾಗಿ ಇರುವುದಿಲ್ಲ. ಮೆತ್ತೆಯ ಕೆಳಗಿನ ಸಂವೇದಕದ ವಿಷಯ ಆಗಲೇ ಹೇಳಿದೆ. ಒಮ್ಮೆ ಪರೀಕ್ಷೆಗೆ ಅಡ್ಡಿಪಡಿಸಿದ ಎಂದು ಬರೆದುಬಿಟ್ಟರೆ, ಅನುತ್ತೀರ್ಣ ಎನ್ನುವುದಕ್ಕಿಂತ ಅದು ಕೆಟ್ಟದ್ದು. ಅಲ್ಲಿಂದ ಮೇಲೇಳುವುದು ಬಲು ಕಷ್ಟ.

ಬಿಳಿಮುಗಿಲು:

ಕಲಿಸುವವರ ಗತಿಯೂ ಹಾಗೆಯೇ ಆಗಿದೆ. ಒಂದು ಕಾಲಕ್ಕೆ ಓಕ್ಲಹೋಮ ನಗರದ ಪೊಲೀಸ್ ಇಲಾಖೆಯಲ್ಲೇ ಪಾಲಿಗ್ರಾಫ್ ಪರೀಕ್ಷಕನಾಗಿದ್ದ ವ್ಯಕ್ತಿಯೊಬ್ಬ ಆ ಕೆಲಸ ಬಿಟ್ಟ ಮೇಲೆ ಯಂತ್ರವನ್ನು ಸೋಲಿಸುವ ತರಬೇತಿ ಕೊಡುತ್ತಿದ್ದ. ಕೇಂದ್ರ ಸರ್ಕಾರದ ತನಿಖೆಯಲ್ಲಿ ಸುಳ್ಳು ಹೇಳಲು ನೆರವಾದದ್ದಕ್ಕೆ 2015ರಲ್ಲಿ ಅವನಿಗೆ ಎರಡು ವರ್ಷ ಸೆರೆವಾಸವಾಯಿತು.

ಮುಂಗಾರು:

ಹೊಸಚಿಗುರು ಅವರೇ, ಯಂತ್ರ ದುರ್ಬಲ ಎಂದು ಹೇಳಿದವಳು ನಾನೇ. ಆದರೆ ಅದನ್ನು ವಂಚಿಸಿ ಒಳಗೆ ಹೋದವನು ನಾಳೆ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಾದವನು. ಅಂಥ ಕೆಲಸಕ್ಕೆ ಈ ದಾರಿಯಲ್ಲಿ ಹೋಗಬಾರದು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಯಂತ್ರವನ್ನು ಬಹಿರಂಗವಾಗಿ ವಿರೋಧಿಸೋಣ, ಶಾಸಕರಿಗೆ ಬರೆಯೋಣ. ಕುರ್ಚಿಯಲ್ಲಿ ಕುಳಿತು ಕಣ್ಕಟ್ಟು ಬೇಡ.

ಹೊಂಗೆನೆರಳು:

ನಿಮ್ಮೆಲ್ಲರ ಮಾತುಗಳನ್ನೂ ಮಗನಿಗೆ ಓದಿ ಹೇಳಿದೆ. ಪ್ರಶ್ನಾವಳಿಯಲ್ಲಿ ಎಲ್ಲವನ್ನೂ ಬರೆದು ಕಳಿಸಿದ. ಬಿಸ್ಕತ್ತಿನ ವಿಷಯ ಬರೆಯುವಾಗ ಅಂಗಡಿಯ ಮಾಲೀಕರಿಗೆ ಅದು ಗೊತ್ತಿತ್ತೋ ಇಲ್ಲವೋ ಎಂದು ಬಹಳ ಹೊತ್ತು ಯೋಚಿಸಿದ. ಕೊನೆಗೆ "ಅನುಮತಿ ಕೇಳಿರಲಿಲ್ಲ" ಎಂದೇ ಬರೆದ.

ಪರೀಕ್ಷೆ ನಿನ್ನೆ ಆಯಿತು. ಕಡಲತೆರೆಯವರು ಹೇಳಿದ ಕ್ರಮದಲ್ಲೇ ನಡೆಯಿತಂತೆ. ಮೊದಲಿಗೆ ಒಂದು ಅಂಕಿಯನ್ನು ಬರೆಸಿ, ಅದನ್ನು ಬರೆದೇ ಇಲ್ಲ ಎಂದು ಬೇಕೆಂದೇ ಸುಳ್ಳು ಹೇಳಿಸಿ, ನೋಡಿ ನಿಮ್ಮ ದೇಹ ಹೇಗೆ ತೋರಿಸಿಕೊಡುತ್ತದೆ ಎಂದರಂತೆ. ಗಾಂಜಾದ ಬಗ್ಗೆ ಹೆಚ್ಚು ಕೆದಕಲಿಲ್ಲ. ಕಳ್ಳತನದ ಪ್ರಶ್ನೆಗೆ ಬಂದಾಗ ಮಾತ್ರ ಪ್ರತಿ ಸುತ್ತಿನಲ್ಲೂ ಅವನಿಗೆ ಆ ಬಿಸ್ಕತ್ತಿನ ಪೊಟ್ಟಣಗಳೇ ಕಣ್ಣ ಮುಂದೆ ಬಂದವಂತೆ. ಕೊನೆಯಲ್ಲಿ ಪರೀಕ್ಷಕರು ಹಣ ಏನಾದರೂ ತೆಗೆದಿದ್ದಿರಾ ಎಂದು ಒತ್ತಿ ಕೇಳಿದರು. ಇಲ್ಲದ್ದನ್ನು ಒಪ್ಪಿಕೊಳ್ಳಬೇಡ ಎಂದು ಗುಡ್ಡದಾಚೆಯವರ ಅನುಭವ ಓದಿದಾಗಲೇ ಅವನಿಗೆ ಹೇಳಿದ್ದೆ. ಬರೆದದ್ದನ್ನು ಬಿಟ್ಟು ಬೇರೇನೂ ಇಲ್ಲ ಎಂದು ನಿಂತನಂತೆ.

ಇವತ್ತು ಕರೆ ಬಂತು. ಅನುತ್ತೀರ್ಣನೂ ಅಲ್ಲ, ಉತ್ತೀರ್ಣನೂ ಅಲ್ಲ, ಸ್ಪಷ್ಟ ತೀರ್ಮಾನಕ್ಕೆ ಬರಲಾಗಲಿಲ್ಲ ಎಂದರು. ಕಳ್ಳತನದ ಪ್ರಶ್ನೆಗೆ ಮಾತ್ರ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರಂತೆ. ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಕುಳಿತಿದ್ದೇವೆ.

ಕಡಲತೆರೆ:

ಅಕ್ಕ, ಎರಡನೆಯ ಬಾರಿ ಕರೆದಿದ್ದಾರೆ ಎಂದರೆ ಅವನನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ. ಇಂಥ ಫಲಿತಾಂಶ ಅಪರೂಪವೇನಲ್ಲ.

ಬೇರೆ ಪರೀಕ್ಷಕರಿಂದ ಮಾಡಿಸಲು ಸಾಧ್ಯವೇ ಎಂದು ನೇಮಕಾತಿ ವಿಭಾಗವನ್ನು ವಿನಯದಿಂದ ಕೇಳಲಿ. ಕೇಳಿದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ. ಪರೀಕ್ಷೆಗೆ ಮುಂಚಿನ ಮಾತುಕತೆಯಲ್ಲಿ, ಕಳೆದ ಸಲ ಆ ಪ್ರಶ್ನೆ ಬಂದಾಗಲೆಲ್ಲ ಬಿಸ್ಕತ್ತಿನ ವಿಷಯವೇ ನೆನಪಾಗುತ್ತಿತ್ತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಹಾಗೆ ಹೇಳಿದರೆ ಪ್ರಶ್ನೆಯನ್ನು "ನನಗೆ ತಿಳಿಸಿದ್ದನ್ನು ಬಿಟ್ಟು ಬೇರೇನಾದರೂ ಕದ್ದಿದ್ದೀರಾ" ಎಂದು ತಿದ್ದಿ ಕೇಳುವುದು ರೂಢಿ. ಪ್ರಶ್ನೆ ಓದಿ ಹೇಳುವಾಗ ಆ ತಿದ್ದುಪಡಿ ಇಲ್ಲದಿದ್ದರೆ ಅವನೇ ಬಾಯಿಬಿಟ್ಟು ಕೇಳಬೇಕು.

ಹಿಂದಿನ ರಾತ್ರಿ ಎಂದಿನಂತೆ ನಿದ್ದೆ ಮಾಡಲಿ, ಬೆಳಿಗ್ಗೆ ಎಂದಿನಂತೆ ತಿಂಡಿ ತಿನ್ನಲಿ, ದಿನಾ ಕಾಫಿ ಕುಡಿಯುವವನಾದರೆ ಕಾಫಿಯನ್ನೂ ಕುಡಿಯಲಿ. ಪಾಲಿಗ್ರಾಫ್ ಬಗ್ಗೆ ಅಂತರ್ಜಾಲದಲ್ಲಿ ಇನ್ನಷ್ಟು ಓದುವುದು ಬೇಡ. ಏನೇನು ಓದಿ ಬಂದಿದ್ದೀರಿ ಎಂದೂ ಕೇಳುತ್ತಾರೆ, ಆಗ ನಮ್ಮ ಈ ಮಾತುಕತೆಯನ್ನೂ ಸೇರಿಸಿ ನಿಜ ಹೇಳಲಿ.

ಗುಡ್ಡದಾಚೆ:

ನನ್ನದೂ ಒಂದು ಮಾತು. ಫಲಿತಾಂಶ ಏನೇ ಬಂದರೂ ಲಿಖಿತವಾಗಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಅವಕಾಶ ಇದೆಯೇ, ಎಷ್ಟು ದಿನದೊಳಗೆ ಎಂದು ಅಂದೇ ವಿಚಾರಿಸಿ. ನನಗೆ ಅದು ತಿಳಿಯುವ ಹೊತ್ತಿಗೆ ಗಡುವು ಮುಗಿದಿತ್ತು. ತಮ್ಮನಿಗೆ ನನ್ನ ಶುಭಾಶಯ ತಿಳಿಸಿ.

ಹೊಂಗೆನೆರಳು:

ಬೇರೆ ಪರೀಕ್ಷಕರ ವಿಷಯ ಕೇಳಿದ, ಒಪ್ಪಿಕೊಂಡರು. ಬರುವ ಗುರುವಾರ ಬೆಳಿಗ್ಗೆ ಸಮಯ ಕೊಟ್ಟಿದ್ದಾರೆ. ಮೇಲ್ಮನವಿಯ ನಿಯಮವನ್ನು ಇಮೇಲ್ ಮೂಲಕ ಕಳಿಸುವಂತೆ ನೇಮಕಾತಿ ವಿಭಾಗಕ್ಕೆ ಈಗಷ್ಟೇ ಬರೆದಿದ್ದಾನೆ.